ಹತ್ತು ವರ್ಷ ಓದಿದರೂ ಇಂಗ್ಲಿಷ್ ಯಾಕೆ ಬಾಯಿಗೆ ಬರಲ್ಲ?

(ನಮ್ಮೂರಿನ ಗ್ರಂಥಾಲಯದಲ್ಲಿ ಪಿಯು, ಡಿಗ್ರಿ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ, ಮುಂದಿನ ಸಾಲಿನಲ್ಲಿ ಕುರ್ಚಿ ಖಾಲಿ ಇವೆ. ಮೇಷ್ಟ್ರು ಪ್ರಶ್ನೆ ಕೇಳ್ತಾರೆ ಅಂತ ಯಾರೂ ಮುಂದೆ ಕೂರಲ್ಲ, ಗೊತ್ತು.

ಆದರೂ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಗ್ರಾಮರ್ ಅಂದರೆ ಏನು ಕಲಿತಿರಿ? ಟೆನ್ಸ್. ಪಿಯುಸಿಯಲ್ಲಿ? ಮತ್ತೆ ಟೆನ್ಸ್. ಡಿಗ್ರಿ ಮುಗಿಸಿ, ದುಡ್ಡು ಕಟ್ಟಿ, ಬಸ್‌ಸ್ಟ್ಯಾಂಡ್ ಹತ್ತಿರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದರೆ ಮೊದಲ ದಿನ ಬೋರ್ಡಿನ ಮೇಲೆ ಏನು ಬರೆಯುತ್ತಾರೆ?

(ಸಭೆಯಿಂದ: ‘ಟೆನ್ಸ್!’)

ಇದೇ ನನ್ನ ದೂರು. ಮೊದಲ ಮೆಟ್ಟಿಲನ್ನೇ ಹತ್ತಿ ಇಳಿದು, ಹತ್ತಿ ಇಳಿದು ಕಾಲು ನೋಯಿಸಿಕೊಳ್ಳುತ್ತಿದ್ದೇವೆ. ಆಮೇಲೆ ‘ನನಗೆ ಇಂಗ್ಲಿಷ್ ತಲೆಗೆ ಹತ್ತಲ್ಲ ಸಾರ್’ ಅನ್ನುತ್ತೇವೆ. ಶುರುವಿನಲ್ಲಿ ಮಾಡುವ ಕೆಲಸ ಬೇರೆ, ನಡುವಿನಲ್ಲಿ ಮಾಡುವ ಕೆಲಸ ಬೇರೆ, ಚೆನ್ನಾಗಿ ಬಂದ ಮೇಲೆ ಮಾಡುವ ಕೆಲಸ ಇನ್ನೂ ಬೇರೆ. ಕನ್ನಡ ಮಾತಾಡುವವರು ಎಲ್ಲೆಲ್ಲಿ ಎಡವುತ್ತಾರೆ ಎನ್ನುವುದೂ ಗೊತ್ತಿರುವ ವಿಷಯವೇ. ಇವತ್ತು ಅದನ್ನೇ ಹೇಳುತ್ತೇನೆ.

ಅದಕ್ಕೆ ಮೊದಲು ಸಮಯದ ಲೆಕ್ಕ. ಯುರೋಪಿನವರು 2001ರಲ್ಲಿ ಭಾಷೆ ಕಲಿಕೆಯನ್ನು ಆರು ಹಂತವಾಗಿ ವಿಂಗಡಿಸಿದರು. ಎ1, ಎ2 ಶುರುವಿನವು. ಬಿ1, ಬಿ2 ನಡುವಿನವು. ಸಿ1, ಸಿ2 ಮೇಲಿನವು. ಕೆಲಸಕ್ಕೆ, ಕಾಲೇಜಿಗೆ ಧೈರ್ಯವಾಗಿ ಬಳಸುವಷ್ಟು ಇಂಗ್ಲಿಷ್ ಅಂದರೆ ಬಿ2. ಏನೂ ಬಾರದವರು ಅಲ್ಲಿಗೆ ಮುಟ್ಟಲು ಪಾಠದ ಸಮಯವೇ ಸುಮಾರು 500ರಿಂದ 600 ಗಂಟೆ ಬೇಕು ಎಂದು ಕೇಂಬ್ರಿಜ್ ಪರೀಕ್ಷೆ ನಡೆಸುವವರು ಅಂದಾಜು ಹೇಳುತ್ತಾರೆ. ದಿನಕ್ಕೆ ಒಂದು ಗಂಟೆ ಕೂತರೆ ಹತ್ತಿರ ಹತ್ತಿರ ಒಂದೂವರೆ ವರ್ಷ. ‘ಮೂವತ್ತು ದಿನದಲ್ಲಿ ಇಂಗ್ಲಿಷ್’ ಪುಸ್ತಕ ಮಾರುವವರ ಹೊಟ್ಟೆಪಾಡಿಗೆ ನಾನು ಕಲ್ಲು ಹಾಕಲ್ಲ. ಆದರೆ ಮೂವತ್ತು ದಿನ ಆದಮೇಲೂ ಬರಲಿಲ್ಲ ಅಂತ ನೀವು ಕುಗ್ಗಬೇಡಿ.

ಶುರುವಿಗೆ ಬರೋಣ. ‘ನನಗೆ ಇಂಗ್ಲಿಷ್ ಒಂದಕ್ಷರ ಬರಲ್ಲ’ ಎನ್ನುವವರನ್ನು ನಾನು ನಂಬುವುದಿಲ್ಲ. ಬಸ್ಸು, ಟಿಕೆಟ್ಟು, ಚೇಂಜು, ಕರೆಂಟು, ಬಿಲ್ಲು, ಪಂಕ್ಚರು, ಬೋರ್‌ವೆಲ್ಲು, ಶುಗರು, ಬಿಪಿ, ಆಪರೇಷನ್ನು, ಟೆನ್ಷನ್ನು. ಶಾಲೆಯ ಮುಖ ನೋಡದ ನಮ್ಮಜ್ಜಿಯೂ ದಿನಕ್ಕೆ ಇಷ್ಟು ಇಂಗ್ಲಿಷ್ ಆಡುತ್ತಿದ್ದರು. ಪದಗಳಿಗೆ ನಮ್ಮಲ್ಲಿ ಬರ ಇಲ್ಲ. ಆದರೆ ಸಿಕ್ಕಿದ ಪದಕ್ಕೆಲ್ಲ ‘ಮಾಡು’, ‘ಆಗು’ ಸೇರಿಸಿ ಕನ್ನಡದ ವಾಕ್ಯದೊಳಗೆ ಕೂರಿಸಿಬಿಡುತ್ತೇವೆ. ಅಡ್ಜಸ್ಟ್ ಮಾಡಿ, ಫೋನ್ ಮಾಡಿದೆ, ಸೆಲೆಕ್ಟ್ ಆದೆ. ಇದು ಕನ್ನಡದ ಜಾಣತನ. ಇದರಿಂದಲೇ ಇಂಗ್ಲಿಷ್ ವಾಕ್ಯ ಕಟ್ಟುವ ಅಭ್ಯಾಸ ನಮಗೆ ಆಗುವುದಿಲ್ಲ.

ವಾಕ್ಯ ಎಲ್ಲಿ ತೊಡಕುತ್ತದೆ ನೋಡಿ. ‘ನಾನು ನಾಳೆ ಬೆಳಗ್ಗೆ ಆರು ಗಂಟೆ ಬಸ್ಸಿಗೆ ಅಮ್ಮನ ಜೊತೆ ಮೈಸೂರಿಗೆ...’ ಇಲ್ಲಿಗೆ ನಿಲ್ಲಿಸುತ್ತೇನೆ. ನಾನು ಹೋಗ್ತೀನೋ, ಹೋಗಲ್ವೋ, ಹೋಗಬೇಕು ಅಂದ್ಕೊಂಡಿದ್ದೀನೋ, ನಿಮಗೆ ಗೊತ್ತಾಯಿತಾ? ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕೊನೆ ಗಳಿಗೆಯಲ್ಲಿ ಮನಸ್ಸು ಬದಲಾಯಿಸಲೂ ಜಾಗ ಇರುತ್ತದೆ. ಇಂಗ್ಲಿಷಿನಲ್ಲಿ ಆ ಸವಲತ್ತಿಲ್ಲ. ‘ಐ ಆಮ್ ಗೋಯಿಂಗ್’ ಅಂತ ಬಾಯಿ ತೆರೆದ ಕೂಡಲೇ ಒಪ್ಪಿಕೊಂಡುಬಿಡಬೇಕು. ಆಮೇಲೆ ‘ಟು ಮೈಸೂರ್’, ‘ವಿತ್ ಮೈ ಮದರ್’, ‘ಬೈ ದ ಸಿಕ್ಸ್ ಒಕ್ಲಾಕ್ ಬಸ್’, ‘ಟುಮಾರೋ’. ಹೆಚ್ಚುಕಮ್ಮಿ ಬಾಲದಿಂದ ತಲೆಗೆ ಬಂದ ಹಾಗೆ. ಮೈಸೂರಿಗೆ ಅನ್ನುವಾಗ ‘ಗೆ’ ಹಿಂದೆ ಅಂಟಿಕೊಂಡಿತ್ತು, ‘ಟು’ ಮುಂದೆ ಬಂದು ನಿಂತಿತು. ಅಮ್ಮನ ‘ಜೊತೆ’ ಹಿಂದೆ ಇತ್ತು, ‘ವಿತ್’ ಮುಂದೆ ಹೋಯಿತು.

ಇಂಟರ್‌ವ್ಯೂನಲ್ಲಿ ಹುಡುಗರು ತಡವರಿಸುವುದು ಇಲ್ಲೇ. ಇಡೀ ವಾಕ್ಯವನ್ನು ಕನ್ನಡದಲ್ಲಿ ಕಟ್ಟಿಕೊಂಡು, ಆಮೇಲೆ ತಿರುಗಿಸಲು ಹೋಗುತ್ತಾರೆ. ‘ಐ ಟುಮಾರೋ ಮಾರ್ನಿಂಗ್...’ ಅಷ್ಟಕ್ಕೆ ಗಾಡಿ ನಿಂತಿತು. ನೋಡುವವರು ಹೆದರಿದ್ದಾನೆ ಅಂದುಕೊಳ್ಳುತ್ತಾರೆ. ಹುಡುಗ ಪಾಪ ವಾಕ್ಯ ತಿರುಗಿಸುತ್ತಿದ್ದಾನೆ.

ಶುರುವಿನವರಿಗೆ ನಾನು ಕೊಡುವ ಅಭ್ಯಾಸ ಒಂದೇ. ಯಾರು, ಏನು ಮಾಡಿದರು. ಇಷ್ಟನ್ನು ಮೊದಲು ಹೇಳಿ ಮುಗಿಸಿ. ‘ಐ ವೆಂಟ್.’ ‘ಮೈ ಬ್ರದರ್ ಕಾಲ್ಡ್.’ ‘ವಿ ಬಾಟ್ ಎ ಕೌ.’ ಅಲ್ಲೇ ನಿಲ್ಲಿಸಿ ಉಸಿರು ತೆಗೆದುಕೊಳ್ಳಿ. ಎಲ್ಲಿ, ಯಾವಾಗ, ಯಾರ ಜೊತೆ ಅನ್ನುವುದನ್ನು ಒಂದೊಂದಾಗಿ ಹಿಂದೆ ಸೇರಿಸಿ. ರಾತ್ರಿ ಮಲಗುವ ಮುಂಚೆ ಅವತ್ತು ನಡೆದದ್ದನ್ನು ಹೀಗೆ ಹತ್ತು ವಾಕ್ಯ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು, ನಾಲಿಗೆಗೆ ಅಭ್ಯಾಸ ಆಗಬೇಕು. ಮನೆಯವರು ನಗುತ್ತಾರೆ. ನಗಲಿ.

ಇನ್ನೊಂದು ಎಡವು ಕಲ್ಲು ‘ನನಗೆ’. ನನಗೆ ಹಸಿವು, ನನಗೆ ಜ್ವರ, ನನಗೆ ಗೊತ್ತು, ನನಗೆ ಇಬ್ಬರು ಮಕ್ಕಳು. ಹಸಿವು, ಜ್ವರ, ಜ್ಞಾನ, ಮಕ್ಕಳು, ಎಲ್ಲವೂ ‘ನನಗೆ’ ಬಂದು ಸೇರುತ್ತವೆ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಒಂದೊಂದು ದಾರಿ. ‘ಐ ಆಮ್ ಹಂಗ್ರಿ’, ‘ಐ ಹ್ಯಾವ್ ಎ ಫೀವರ್’, ‘ಐ ನೋ’, ‘ಐ ಹ್ಯಾವ್ ಟೂ ಚಿಲ್ಡ್ರನ್’. ಕನ್ನಡದಲ್ಲಿ ‘ಅವನು ಡಾಕ್ಟರು’ ಎಂದರೆ ಪೂರ್ತಿ ವಾಕ್ಯ. ಆದ್ದರಿಂದ ‘ಹಿ ಡಾಕ್ಟರ್’ ಅಂದುಬಿಡುತ್ತೇವೆ, ‘ಈಸ್’ ಬಿದ್ದುಹೋಗುತ್ತದೆ. ‘ಬಂದ್ರಾ?’ ‘ಬಂದರು’ ಅಂದರೆ ನಮಗೆ ಸಾಕು, ಯಾರು ಅಂತ ಮತ್ತೆ ಹೇಳಬೇಕಿಲ್ಲ. ಇಂಗ್ಲಿಷಿಗೆ ಕರ್ತೃ ಇಲ್ಲದೆ ಆಗಲ್ಲ. ಯಾರೂ ಇಲ್ಲದಿದ್ದರೂ ‘ಇಟ್’ ಅಂತ ಒಂದನ್ನು ಹುಟ್ಟಿಸಿಯಾದರೂ ಮುಂದೆ ಕೂರಿಸುತ್ತದೆ. ಅದಕ್ಕೇ ‘ಮಳೆ ಬರ್ತಿದೆ’ ಅನ್ನುವುದು ‘ಇಟ್ ಈಸ್ ರೇನಿಂಗ್’. ಇಂಥ ಒಂದಿಪ್ಪತ್ತು ವ್ಯತ್ಯಾಸ ಗೊತ್ತಾದರೆ ಶುರುವಿನ ವ್ಯಾಕರಣ ಬಹುಪಾಲು ಮುಗಿಯಿತು. ಕನ್ನಡದ ಮೂಲಕವೇ ಇದನ್ನು ಕಲಿಸಬಹುದು, ಕಲಿಸಬೇಕು. ‘ಕ್ಲಾಸಲ್ಲಿ ಕನ್ನಡ ಆಡಿದರೆ ಫೈನ್’ ಅನ್ನುವ ಮೇಷ್ಟ್ರುಗಳ ಬಗ್ಗೆ ನನಗೆ ಅಷ್ಟೇನೂ ಗೌರವ ಇಲ್ಲ.

ಉಚ್ಚಾರಣೆ ಬಗ್ಗೆ ಜಾಸ್ತಿ ಹೆದರಿಕೆ ಇದೆ, ಅಲ್ವಾ? ‘ಎಗ್’ ಅನ್ನುವುದನ್ನು ‘ಯೆಗ್ಗು’ ಅನ್ನುತ್ತೇವೆ, ‘ಓನ್ಲಿ’ ಅನ್ನುವುದನ್ನು ‘ವೋನ್ಲಿ’. ಎಲ್ಲದರ ಕೊನೆಗೂ ಒಂದು ಉಕಾರ. ಕೇಳಿ ನಗುವವರು ನಮ್ಮವರೇ, ಬೇರೆ ದೇಶದವರಿಗೆ ಇದೊಂದು ದೊಡ್ಡ ವಿಷಯವೇ ಅಲ್ಲ. ಇದರಿಂದ ಅರ್ಥ ಕೆಡುವುದು ಕಡಿಮೆ. ಅರ್ಥ ಕೆಡುವುದು ಬೇರೆ ಕಡೆ. ಕನ್ನಡದಲ್ಲಿ ಬರೆದ ಅಕ್ಷರಕ್ಕೆಲ್ಲ ಸಮಪಾಲು ಸಿಗುತ್ತದೆ, ಯಾವುದನ್ನೂ ನುಂಗುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಪದದ ಒಂದು ಭಾಗವನ್ನು ಒತ್ತಿ ಹೇಳಿ ಉಳಿದದ್ದನ್ನು ನುಂಗಬೇಕು. ‘ವೆ-ಜಿ-ಟೇ-ಬಲ್’ ಅಂತ ನಾವು ಬಿಡಿಸಿ ಬಿಡಿಸಿ ಹೇಳಿದರೆ ಅವರು ‘ವೆಜ್‌ಟಬಲ್’ ಅಂತ ಮುಗಿಸಿರುತ್ತಾರೆ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ‘ಫೋ’ ಮೇಲೆ. ಅದೇ ‘ಫಟಾಗ್ರಫಿ’ ಆದಾಗ ಒತ್ತು ‘ಟಾ’ಗೆ ಜಾರುತ್ತದೆ, ‘ಫೋ’ ಮಸುಕಾಗುತ್ತದೆ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಸ್ವರ ಈ ಮಸುಕು ‘ಅ’ ಒಂದೇ. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವೇ ಇಲ್ಲ.

ಅದಕ್ಕೇ ಪುಸ್ತಕದ ಅಂಚಿನಲ್ಲಿ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ಶುರುವಿನ ಕೆಲವು ತಿಂಗಳಿಗೆ ಮಾತ್ರ. ಆಮೇಲೆ ಬಿಡಿ, ಕಿವಿಯಿಂದ ಕಲಿಯಿರಿ. ಹೊಸ ಪದ ಸಿಕ್ಕಾಗ ಅರ್ಥದ ಜೊತೆ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದನ್ನೂ ಕೇಳಿಕೊಳ್ಳಿ. ನೀವು ಹೇಳಿದ್ದು ಬೇರೆಯವರಿಗೆ ಅರ್ಥ ಆಗುತ್ತದಾ ಅಂತ ನೋಡಲು ಫೋನಿನ ಕೀಬೋರ್ಡಿನಲ್ಲಿರುವ ಮೈಕ್ ಒತ್ತಿ ಮಾತಾಡಿ. ಅದು ಸರಿಯಾಗಿ ಟೈಪ್ ಮಾಡಿದರೆ ನಿಮ್ಮ ಉಚ್ಚಾರಣೆ ಸಾಕಷ್ಟು ಸ್ಪಷ್ಟವಾಗಿದೆ. ಸುಮ್ನೆ ಅಮೆರಿಕದವರ ಹಾಗೆ ನಾಲಿಗೆ ಸುತ್ತಬೇಡಿ.

ಇನ್ನು ನಡುವಿನ ಹಂತ. ಈ ಸಭೆಯಲ್ಲಿ ಹೆಚ್ಚಿನವರು ಇಲ್ಲೇ ಇದ್ದೀರಿ. ಓದಿದರೆ ಅರ್ಥ ಆಗುತ್ತದೆ, ಕೇಳಿದರೆ ಅರ್ಧ ಆಗುತ್ತದೆ, ಮಾತಾಡಲು ಹೋದರೆ ಬರಲ್ಲ. ವರ್ಷಗಟ್ಟಲೆ ಇಲ್ಲೇ ನಿಂತವರಿದ್ದಾರೆ. ಇಲ್ಲಿಂದ ಮೇಲೇಳಲು ಇನ್ನಷ್ಟು ಗ್ರಾಮರ್ ಪುಸ್ತಕ ಕೊಳ್ಳುತ್ತಾರೆ. ಅದು ಇಲ್ಲಿ ಕೆಲಸ ಮಾಡುವುದಿಲ್ಲ.

ಏನು ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಮ್ಮ ಮಗ್ಗುಲಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಎನ್.ಎಸ್. ಪ್ರಭು ಎಂಬ ಮೇಷ್ಟ್ರು ಮದ್ರಾಸಿನಲ್ಲಿ ಬ್ರಿಟಿಷ್ ಕೌನ್ಸಿಲ್‌ನಲ್ಲಿ ಇದ್ದರು. 1979ರಿಂದ 1984ರ ತನಕ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅವರು ಮತ್ತು ಜೊತೆಗಾರರು ವ್ಯಾಕರಣದ ಪಾಠವನ್ನೇ ಬಿಟ್ಟು ಇಂಗ್ಲಿಷ್ ಕಲಿಸಿ ನೋಡಿದರು. ಪ್ರಪಂಚದಲ್ಲಿ ಇಂಗ್ಲಿಷ್ ಕಲಿಸುವುದರ ಬಗ್ಗೆ ಓದುವವರಿಗೆಲ್ಲ ಇದು ‘ಬೆಂಗಳೂರು ಪ್ರಾಜೆಕ್ಟ್’ ಅಂತ ಗೊತ್ತು. ಬೆಂಗಳೂರಿನವರಿಗೇ ಗೊತ್ತಿಲ್ಲ, ಅದು ಬೇರೆ ಮಾತು.

ಅಲ್ಲಿ ಪಾಠ ಹೀಗೆ ನಡೆಯುತ್ತಿತ್ತು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಡುತ್ತಾರೆ. ಈ ರೈಲು ಎಷ್ಟು ಗಂಟೆಗೆ ಹೊರಡುತ್ತದೆ, ದಾರಿಗೆ ಎಷ್ಟು ಹೊತ್ತು ಬೇಕು, ಮಧ್ಯಾಹ್ನದೊಳಗೆ ಮುಟ್ಟಬೇಕಾದರೆ ಯಾವುದನ್ನು ಹಿಡಿಯಬೇಕು, ಹೀಗೆ ಪ್ರಶ್ನೆ. ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲೇ ಕೇಳುತ್ತಾ ಹೇಳುತ್ತಾ ಒಂದನ್ನು ಬಿಡಿಸುತ್ತಾರೆ. ಆಮೇಲೆ ಅದೇ ಥರದ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಮಕ್ಕಳ ಗಮನವೆಲ್ಲ ರೈಲಿನ ಮೇಲೆ. ಉತ್ತರ ಸರಿ ಬಂತಾ ಅನ್ನುವುದೇ ಯೋಚನೆ. ಅರ್ಥದ ಹಿಂದೆ ಮನಸ್ಸು ಓಡುವಾಗ ವ್ಯಾಕರಣ ತನ್ನ ಪಾಡಿಗೆ ತಾನು ಒಳಗೆ ಕೂರುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ. ಹೊರಗಿನವರು ಬಂದು ಪರೀಕ್ಷೆ ಮಾಡಿ, ಎಚ್ಚರಿಕೆಯಿಂದಲೇ ಆದರೂ, ಒಳ್ಳೆಯ ಮಾತೇ ಬರೆದರು. ವ್ಯಾಕರಣ ಪೂರ್ತಿ ಬೇಡ ಅನ್ನುವಷ್ಟು ದೂರ ನಾನು ಹೋಗಲ್ಲ. ಆದರೆ ನಡುವಿನ ಹಂತದವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಮನೆಯಲ್ಲಿ ಹೇಗೆ ಮಾಡುವುದು? ನಿಮಗೆ ನಿಜವಾಗಿ ಬೇಕಾದ ಒಂದು ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡಿ. ಅಡಿಕೆ ತೋಟಕ್ಕೆ ಔಷಧಿ ತಂದಿದ್ದೀರಿ. ಡಬ್ಬದ ಮೇಲಿನ ಇಂಗ್ಲಿಷ್ ಸೂಚನೆ ಓದಿ ಒಂದು ಕ್ಯಾನಿಗೆ ಎಷ್ಟು ಅಂತ ಲೆಕ್ಕ ಹಾಕಿ, ಆಮೇಲೆ ಕನ್ನಡದ ಸೂಚನೆ ನೋಡಿ ತಾಳೆ ಮಾಡಿ. ಮಿಕ್ಸಿ ಕೆಟ್ಟಿದೆ, ರಿಪೇರಿ ವಿಡಿಯೊವನ್ನು ಇಂಗ್ಲಿಷಿನಲ್ಲೇ ನೋಡಿ. ಕ್ರಿಕೆಟ್ ನೋಡುತ್ತೀರಲ್ಲ, ಕಾಮೆಂಟರಿ ಇಂಗ್ಲಿಷಿಗೆ ಬದಲಾಯಿಸಿ. ಚೆಂಡು ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ಕಾಣುತ್ತಿರುತ್ತದೆ, ಅದನ್ನೇ ಕಿವಿ ಇಂಗ್ಲಿಷಿನಲ್ಲಿ ಕೇಳುತ್ತಿರುತ್ತದೆ. ಇದಕ್ಕಿಂತ ಅಗ್ಗದ ಪಾಠ ಎಲ್ಲಿ ಸಿಗುತ್ತದೆ? ಸಿನಿಮಾ ನೋಡುವಾಗ ಮಾತೂ ಇಂಗ್ಲಿಷ್, ಕೆಳಗಿನ ಅಕ್ಷರವೂ ಇಂಗ್ಲಿಷ್ ಇರಲಿ. ಕೆಳಗೆ ಕನ್ನಡ ಹಾಕಿಕೊಂಡರೆ ಕಿವಿ ಮಲಗಿಬಿಡುತ್ತದೆ.

ಜೊತೆಗೆ ಓದು. ಇಲ್ಲಿ ಮೈಕೆಲ್ ವೆಸ್ಟ್ ಅನ್ನುವವರನ್ನು ನೆನೆಯಬೇಕು. ನೂರು ವರ್ಷದ ಹಿಂದೆ ಢಾಕಾದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿದ್ದ ಇಂಗ್ಲಿಷರು. ಬಂಗಾಳಿ ಮಕ್ಕಳ ಇಂಗ್ಲಿಷ್ ಪುಸ್ತಕ ನೋಡಿದರೆ ಸಾಲು ಸಾಲಿಗೂ ಹೊಸ ಪದ. ಮಕ್ಕಳು ಓದುವುದೆಲ್ಲಿ, ಡಿಕ್ಷನರಿ ನೋಡುವುದೇ ಆಯಿತು. ಹೆಚ್ಚು ಬಳಕೆಯ ಪದಗಳನ್ನೇ ಇಟ್ಟುಕೊಂಡು, ಹೊಸ ಪದಗಳನ್ನು ದೂರದೂರಕ್ಕೆ ಹಂಚಿ ಅವರು ಪುಸ್ತಕ ಬರೆದರು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2,000 ಪದಗಳ ಪಟ್ಟಿ ಇವತ್ತಿಗೂ ಹೆಸರುವಾಸಿ. ಸಾಮಾನ್ಯ ಬರಹದಲ್ಲಿ ನೂರಕ್ಕೆ ಸುಮಾರು 80 ಪಾಲು ಈ 2,000 ಪದಗಳಲ್ಲೇ ಮುಗಿಯುತ್ತದೆ. ಆದರೆ ಉಳಿದ ಇಪ್ಪತ್ತು ಪಾಲು ಬಲು ಕಾಟ ಕೊಡುತ್ತದೆ. ಪೇಪರು, ಕಾದಂಬರಿಯನ್ನು ಡಿಕ್ಷನರಿ ಹಂಗಿಲ್ಲದೆ ಓದಲು 8,000ದಿಂದ 9,000 ಪದಕುಟುಂಬ, ಅಂದರೆ ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಅಂತ ಲೆಕ್ಕ, ಗೊತ್ತಿರಬೇಕು ಎಂದು ನ್ಯೂಜಿಲೆಂಡಿನ ಪಾಲ್ ನೇಶನ್ ಲೆಕ್ಕ ಹಾಕಿದ್ದಾರೆ. ಅಷ್ಟನ್ನು ಪಟ್ಟಿ ಮಾಡಿ ಉರು ಹೊಡೆಯಲು ಆಗುವುದಿಲ್ಲ. ರಾಶಿ ರಾಶಿ ಓದಬೇಕು.

ಏನನ್ನು ಓದಬೇಕು? ಒಂದು ಪುಟದಲ್ಲಿ ಗೊತ್ತಿಲ್ಲದ ಪದ ನಾಲ್ಕೈದಕ್ಕಿಂತ ಜಾಸ್ತಿ ಇದ್ದರೆ ಮುಚ್ಚಿಡಿ, ಆ ಪುಸ್ತಕಕ್ಕೆ ಇನ್ನೂ ಕಾಲ ಬಂದಿಲ್ಲ. ಮರ್ಯಾದೆಗೋಸ್ಕರ ಕಷ್ಟದ ಇಂಗ್ಲಿಷ್ ಪೇಪರ್ ತರಿಸಿ ಸಂಪಾದಕೀಯದ ಮೇಲೆ ಗೆರೆ ಎಳೆಯುತ್ತಾ ಕೂರುವುದು ನಮ್ಮ ಕಡೆಯ ಹಳೆಯ ರೋಗ. ಮಕ್ಕಳ ಕಥೆ ಓದಿ, ಏನೂ ಅವಮಾನ ಇಲ್ಲ. ಈ ಗ್ರಂಥಾಲಯದಲ್ಲಿ ಎಡಗಡೆಯ ಎರಡನೇ ಕಪಾಟಿನಲ್ಲಿ ಅಂಥವು ಇವೆ, ಧೂಳು ಹಿಡಿದಿವೆ. ಹೊಸ ಪದ ಬರೆದುಕೊಂಡರೆ ಅವತ್ತು ರಾತ್ರಿ ಒಂದು ಸಲ, ಮೂರು ದಿನ ಬಿಟ್ಟು ಒಂದು ಸಲ, ವಾರ ಬಿಟ್ಟು ಒಂದು ಸಲ ನೋಡಿ. ಒಂದೇ ದಿನ ಹತ್ತು ಸಲ ಓದಿದರೆ ನಿಲ್ಲುವುದಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಇದನ್ನು ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಪುಸ್ತಕ ಬರೆದಿದ್ದಾನೆ.

ಪದ ಬರೆದುಕೊಳ್ಳುವಾಗ ಒಂಟಿಯಾಗಿ ಬರೆಯಬೇಡಿ. ಅದರ ಅಕ್ಕಪಕ್ಕ ಏನು ಬರುತ್ತದೆ ಅನ್ನುವುದನ್ನೂ ಬರೆಯಿರಿ. ಯಾಕೆಂದರೆ ನಡುವಿನ ಹಂತದವರ ತಪ್ಪುಗಳಲ್ಲಿ ದೊಡ್ಡ ಪಾಲು ನಮ್ಮ ವಿಭಕ್ತಿಗಳಿಂದ ಬರುತ್ತದೆ. ‘ಅದರ ಬಗ್ಗೆ ಡಿಸ್ಕಸ್ ಮಾಡಿದ್ವಿ’ ಅನ್ನುವ ‘ಬಗ್ಗೆ’ ನುಸುಳಿ ‘ಡಿಸ್ಕಸ್ಡ್ ಅಬೌಟ್ ಇಟ್’ ಆಗುತ್ತದೆ. ಅಲ್ಲಿ ‘ಅಬೌಟ್’ ಬೇಡ. ‘ನನಗೆ ಹೇಳಿದ’ ಅನ್ನುವುದು ‘ಟೋಲ್ಡ್ ಟು ಮಿ’ ಆಗುತ್ತದೆ. ಅಲ್ಲಿ ‘ಟು’ ಬೇಡ. ‘ಅವಳ ಜೊತೆ ಮದುವೆ ಆಯಿತು’ ಅನ್ನುವುದು ‘ಮ್ಯಾರೀಡ್ ವಿತ್ ಹರ್’. ಅಲ್ಲಿ ‘ವಿತ್’ ಬೇಡ. ಇವಕ್ಕೆ ಕಾರಣ ಕೇಳಬೇಡಿ, ಕಾರಣ ಇಲ್ಲ. ‘ಡಿಸ್ಕಸ್ ದ ಪ್ರಾಬ್ಲಮ್’ ಅಂತ ಮೂರೂ ಪದವನ್ನು ಒಟ್ಟಿಗೇ ಬಾಯಿಗೆ ಹತ್ತಿಸಿಕೊಳ್ಳಿ.

ಮೇಲಿನ ಹಂತದವರು ಇಲ್ಲಿ ಕಡಿಮೆ ಇರಬಹುದು. ಆದರೆ ಬೆಂಗಳೂರಿನಲ್ಲಿ ಕೆಲಸಕ್ಕಿರುವವರು, ಹೊರದೇಶಕ್ಕೆ ಹೊರಟವರು ಕೆಲವರು ಕಾಣುತ್ತಿದ್ದೀರಿ. ಮೇಲಿನ ಹಂತ ಅಂದರೆ ದೊಡ್ಡ ದೊಡ್ಡ ಪದ ಅಂತ ಹಲವರ ತಿಳಿವಳಿಕೆ. ಇಂಗ್ಲಿಷ್ ಚೆನ್ನಾಗಿ ಬಂದವರು ಮಾತಾಡುವಾಗ ಗಮನಿಸಿ, ಚಿಕ್ಕ ಪದಗಳೇ ಜಾಸ್ತಿ. ಆ ಹಂತದ ನಿಜವಾದ ಕೆಲಸ ಯಾರ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದು.

ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ನರ್ಸಿಂಗ್ ಮುಗಿಸಿ ಒಇಟಿ ಪರೀಕ್ಷೆಗೆ ತಯಾರಾಗುತ್ತಿದ್ದಳು. ಆಸ್ಪತ್ರೆ ಕೆಲಸದವರು ಹೊರದೇಶಕ್ಕೆ ಹೋಗಲು ಬರೆಯುವ ಇಂಗ್ಲಿಷ್ ಪರೀಕ್ಷೆ ಅದು. ಅದರಲ್ಲಿ ಒಬ್ಬರು ರೋಗಿಯ ಹಾಗೆ ಕೂರುತ್ತಾರೆ, ನೀವು ಐದು ನಿಮಿಷ ಅವರ ಜೊತೆ ಮಾತಾಡಬೇಕು. ಅಭ್ಯಾಸಕ್ಕೆ ನಾನು ರೋಗಿಯಾದೆ. ಅವಳು ಬಂದು, ‘ಸಿಟ್ ಹಿಯರ್. ಶೋ ಯುವರ್ ಹ್ಯಾಂಡ್. ಯೂ ಹ್ಯಾವ್ ಟು ಟೇಕ್ ಇಂಜೆಕ್ಷನ್’ ಅಂದಳು. ವ್ಯಾಕರಣದ ತಪ್ಪು ಹುಡುಕಿದರೆ ಒಂದು ‘ಆನ್’ ಬಿಟ್ಟಿದ್ದಾಳೆ, ಅಷ್ಟೇ. ಆದರೆ ಕೇಳಿದವರಿಗೆ ಪೊಲೀಸ್ ಸ್ಟೇಷನ್ನಿನಲ್ಲಿ ಕೂತ ಹಾಗಾಗುತ್ತದೆ.

ಹುಡುಗಿ ಒರಟಳಲ್ಲ. ಅವಳ ತಲೆಯಲ್ಲಿದ್ದದ್ದು ‘ಇಲ್ಲಿ ಕೂತ್ಕೊಳ್ಳಿ, ಕೈ ತೋರಿಸಿ’. ಕನ್ನಡದಲ್ಲಿ ಅದು ಪೂರ್ತಿ ಮರ್ಯಾದೆಯ ಮಾತು. ಮರ್ಯಾದೆಯೆಲ್ಲ ‘ಕೂತ್ಕೊಳ್ಳಿ’ಯ ಕೊನೆಯ ‘ಇ’ಯಲ್ಲಿ, ‘ನೀವು’ ಅನ್ನುವುದರಲ್ಲಿ ಇದೆ. ಇಂಗ್ಲಿಷಿಗೆ ಹೊರಟಾಗ ಆ ‘ಇ’ ಇಲ್ಲೇ ಉಳಿಯಿತು. ‘ಸಿಟ್’ ಅನ್ನುವುದು ಕೂತ್ಕೊಳ್ಳಿಯೂ ಹೌದು, ಕೂತ್ಕೋ ಸಹ ಹೌದು. ಇಂಗ್ಲಿಷಿನವರು ಮರ್ಯಾದೆಯನ್ನು ಬೇರೆ ಕಡೆ ಇಟ್ಟಿರುತ್ತಾರೆ. ಆಜ್ಞೆಯನ್ನು ಪ್ರಶ್ನೆ ಮಾಡುತ್ತಾರೆ. ‘ವುಡ್ ಯೂ ಲೈಕ್ ಟು ಸಿಟ್ ಹಿಯರ್?’ ‘ಕ್ಯಾನ್ ಐ ಹ್ಯಾವ್ ಎ ಲುಕ್ ಅಟ್ ಯುವರ್ ಆರ್ಮ್?’ ‘ಐ ಆಮ್ ಜಸ್ಟ್ ಗೋಯಿಂಗ್ ಟು ಗಿವ್ ಯೂ ಆನ್ ಇಂಜೆಕ್ಷನ್, ಈಸ್ ದಟ್ ಆಲ್ರೈಟ್?’ ಆ ‘ಜಸ್ಟ್’ಗೆ ಅರ್ಥ ಏನೂ ಇಲ್ಲ, ಮಾತನ್ನು ಮೆತ್ತಗೆ ಮಾಡುವುದಷ್ಟೇ ಅದರ ಕೆಲಸ. ಇನ್ನೊಂದು ಗಮನಿಸಿದಿರಾ? ನಮಗೆ ಭುಜದಿಂದ ಬೆರಳ ತನಕ ಎಲ್ಲವೂ ‘ಕೈ’. ಅವರಿಗೆ ಮಣಿಕಟ್ಟಿನಿಂದ ಕೆಳಗೆ ಮಾತ್ರ ‘ಹ್ಯಾಂಡ್’, ಮೇಲಿನದು ‘ಆರ್ಮ್’. ನರ್ಸ್ ಆದವಳಿಗೆ ಇದು ಸಣ್ಣ ವಿಷಯ ಅಲ್ಲ.

ಆಫೀಸಿನವರಿಗೂ ಇದೇ ಕಥೆ. ‘ಸೆಂಡ್ ಮಿ ದ ಫೈಲ್ ಟುಡೇ’ ಅಂತ ಲಂಡನ್ನಿನ ಮ್ಯಾನೇಜರಿಗೆ ಬರೆದು, ಅವರು ಯಾಕೆ ಮುಖ ಗಂಟು ಹಾಕಿಕೊಂಡರು ಅಂತ ಗೊತ್ತಾಗದೆ ಕೂತವರಿದ್ದಾರೆ. ‘ಕುಡ್ ಯೂ ಸೆಂಡ್ ಮಿ ದ ಫೈಲ್ ವೆನ್ ಯೂ ಗೆಟ್ ಎ ಚಾನ್ಸ್ ಟುಡೇ?’ ಅಂದರೆ ಅದೇ ಕೆಲಸ ನಗುನಗುತ್ತಾ ಆಗುತ್ತದೆ. ಇನ್ನು ಕೆಲವರು ಮರ್ಯಾದೆಗೆ ಅಂತ ‘ಕೈಂಡ್ಲಿ ಡು ದ ನೀಡ್‌ಫುಲ್’ ಬರೆಯುತ್ತಾರೆ. ನಮ್ಮ ಸರ್ಕಾರಿ ಕಚೇರಿಗೆ ಅರ್ಜಿ ಬರೆಯುವಾಗ ಅದನ್ನೇ ಬರೆಯಿರಿ, ಅಲ್ಲಿ ಅದು ಸರಿಯಾದ ಇಂಗ್ಲಿಷ್. ನಮ್ಮ ಇಂಗ್ಲಿಷ್ ತಪ್ಪು ಇಂಗ್ಲಿಷ್ ಅಂತ ನಾನು ಒಪ್ಪಲ್ಲ. ಕೇಳುವವರು ಬದಲಾದಾಗ ನಾವೂ ಬದಲಾಯಿಸಲು ಗೊತ್ತಿರಬೇಕು, ಅಷ್ಟೇ. ಕ್ಲಾಸಿನಲ್ಲಿ ‘ಐ ಹ್ಯಾವ್ ಎ ಡೌಟ್’ ಅಂದರೆ ನನಗೆ ಪ್ರಶ್ನೆ ಇದೆ ಅಂತ ತಿಳಿಯುತ್ತದೆ. ಹೊರದೇಶದ ಪ್ರೊಫೆಸರಿಗೆ ಇವನಿಗೆ ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ ಅನಿಸಬಹುದು. ‘ಐ ಪಾಸ್ಡ್ ಔಟ್ ಇನ್ 2019’ ಅಂದರೆ ಇಲ್ಲಿ ಡಿಗ್ರಿ ಮುಗಿಸಿದೆ, ಅಲ್ಲಿ ಎಚ್ಚರ ತಪ್ಪಿ ಬಿದ್ದೆ.

‘ಎ’ ಮತ್ತು ‘ದ’ ಬಗ್ಗೆ ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ನಮ್ಮಲ್ಲಿ ಇವು ಇಲ್ಲ, ಆದ್ದರಿಂದ ಕೊನೆಯ ತನಕ ಕಾಡುತ್ತವೆ. ಕೇಳುವವರಿಗೆ ಯಾವುದು ಅಂತ ಆಗಲೇ ಗೊತ್ತಿದ್ದರೆ ‘ದ’, ಮೊದಲ ಸಲ ಹೇಳುತ್ತಿದ್ದರೆ ‘ಎ’. ಇಷ್ಟರಲ್ಲಿ ಮುಕ್ಕಾಲು ಭಾಗ ದಾಟಿಹೋಗುತ್ತದೆ. ಉಳಿದದ್ದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ‘ಎ’ ಬಿಟ್ಟರು ಅಂತ ಯಾರೂ ಯಾರನ್ನೂ ಕೆಲಸದಿಂದ ತೆಗೆದಿಲ್ಲ.

ನನ್ನ ಮಾತು ಇಷ್ಟು. ಇನ್ನು ನೀವು ಕೇಳಿ.

(ಒಬ್ಬ ತಾಯಿ: ‘ಸಾರ್, ಮಗಳನ್ನ ಒಂದನೇ ಕ್ಲಾಸಿಗೆ ಸೇರಿಸಬೇಕು. ಕನ್ನಡ ಮೀಡಿಯಮ್ಮಾ, ಇಂಗ್ಲಿಷ್ ಮೀಡಿಯಮ್ಮಾ?’)

ಅಮ್ಮಾ, ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ನನ್ನ ಅಭಿಪ್ರಾಯ ಹೇಳುತ್ತೇನೆ, ತೀರ್ಮಾನ ನಿಮ್ಮದು. ಕೆನಡಾದಲ್ಲಿ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ವಲಸೆ ಬಂದ ಮಕ್ಕಳನ್ನು ಗಮನಿಸಿದರು. ಸುತ್ತಲೂ ಇಂಗ್ಲಿಷೇ ಇರುವ ಆ ದೇಶದಲ್ಲೂ ಮಕ್ಕಳಿಗೆ ಆಟದ, ಹರಟೆಯ ಇಂಗ್ಲಿಷ್ ಎರಡು ವರ್ಷದಲ್ಲಿ ಬರುತ್ತದೆ. ಪಾಠ ಓದಿ ಯೋಚಿಸುವಷ್ಟು ಇಂಗ್ಲಿಷ್ ಬರಲು ಐದರಿಂದ ಏಳು ವರ್ಷ ಬೇಕು. ನಮ್ಮ ಮಕ್ಕಳಿಗೆ ಬೀದಿಯಲ್ಲಿ ಇಂಗ್ಲಿಷ್ ಇಲ್ಲ, ಮನೆಯಲ್ಲಿ ಇಲ್ಲ. ಒಂದು ಭಾಷೆಯಲ್ಲಿ ಚೆನ್ನಾಗಿ ಓದಲು, ಯೋಚಿಸಲು ಬಂದರೆ ಅದು ಇನ್ನೊಂದಕ್ಕೂ ದಾಟುತ್ತದೆ ಅಂತಲೂ ಅವರು ಹೇಳುತ್ತಾರೆ. ಕನ್ನಡದಲ್ಲಿ ಕಥೆ ಪುಸ್ತಕ ಓದುವ ಮಗು ಇಂಗ್ಲಿಷಿನಲ್ಲೂ ಬೇಗ ಓದುತ್ತದೆ. ಇದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಈಗ ಸರ್ಕಾರಿ ಶಾಲೆಯಲ್ಲೂ 2007ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಯಲ್ಲಿ ಕನ್ನಡಕ್ಕೇ ಮೊದಲ ಸ್ಥಾನ ಅಂತ 1981ರಲ್ಲಿ ವರದಿ ಕೊಟ್ಟ ಸಮಿತಿಗೂ ಅವರೇ ಅಧ್ಯಕ್ಷರು. ಬಿ.ಎಂ.ಶ್ರೀ, ಅಡಿಗ, ಅನಂತಮೂರ್ತಿ, ಲಂಕೇಶ್, ಎಲ್ಲ ಇಂಗ್ಲಿಷ್ ಪಾಠ ಹೇಳಿದವರೇ. ಒಂದನ್ನು ಕೊಂದು ಇನ್ನೊಂದನ್ನು ಸಾಕಬೇಕು ಅಂತ ಯಾರೂ ಹೇಳಲಿಲ್ಲ. ನಿಮ್ಮ ಮನೆಯ ಹತ್ತಿರ ಮೇಷ್ಟ್ರು ಚೆನ್ನಾಗಿ ಪಾಠ ಮಾಡುವ ಶಾಲೆ ಯಾವುದಿದೆ, ಬೋರ್ಡ್ ನೋಡದೆ ಅಲ್ಲಿಗೆ ಸೇರಿಸಿ.

(ಒಬ್ಬ ಹಿರಿಯರು: ‘ಮಗ ಅಮೆರಿಕದಲ್ಲಿ. ಮೊಮ್ಮಗ ಬರೀ ಇಂಗ್ಲಿಷ್ ಆಡ್ತಾನೆ. ನನಗೀಗ ಅರವತ್ತೆಂಟು, ಕಲಿಯಬಹುದಾ?’)

ಖಂಡಿತ ಕಲಿಯಬಹುದು ರಾಯರೇ. ಉಚ್ಚಾರಣೆ ಮಕ್ಕಳ ಹಾಗೆ ಬರುವುದು ಕಷ್ಟ, ಪದ ಮತ್ತು ವಾಕ್ಯಕ್ಕೆ ವಯಸ್ಸಿನ ಅಡ್ಡಿ ಅಷ್ಟಿಲ್ಲ. ಮೊಮ್ಮಗನ ಹತ್ತಿರವೇ ಕಲಿಯಿರಿ. ವಿಡಿಯೊ ಕಾಲ್‌ನಲ್ಲಿ ಅವನ ಆಟದ ಸಾಮಾನು ಒಂದೊಂದೇ ತೋರಿಸಲು ಹೇಳಿ, ಇದು ಏನು, ಹೇಗೆ ಆಡ್ತಾರೆ ಅಂತ ಕೇಳಿ. ಮಕ್ಕಳಿಗೆ ದೊಡ್ಡವರಿಗೆ ಕಲಿಸುವುದು ಅಂದರೆ ಬಲು ಇಷ್ಟ. ಬದಲಿಗೆ ದಿನಕ್ಕೊಂದು ಕನ್ನಡ ಪದ ಅವನಿಗೆ ಕೊಡಿ. ನಿಮ್ಮ ಮಗನಿಗೆ ಆಗದ ಕೆಲಸವನ್ನು ನೀವು ಮಾಡಿದ ಹಾಗಾಗುತ್ತದೆ.

(ಒಬ್ಬ ವಿದ್ಯಾರ್ಥಿನಿ: ‘ಸರ್, ನಾನು ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗೀತು. ಪಿಯುನಲ್ಲಿ ಸೈನ್ಸ್ ತಗೋಬೇಕು. ಎಲ್ಲ ಇಂಗ್ಲಿಷಲ್ಲೇ ಇರುತ್ತಂತೆ, ಭಯ ಆಗ್ತಿದೆ.’)

ಇವತ್ತಿನ ಒಳ್ಳೆ ಪ್ರಶ್ನೆ ಇದು. ಕೇಳಮ್ಮ. ನಮ್ಮ ಸರ್ಕಾರದ ಪಠ್ಯಪುಸ್ತಕ ಸಂಘ ಒಂದೇ ಪುಸ್ತಕವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕುತ್ತದೆ. ಅದರ ವೆಬ್‌ಸೈಟಿನಲ್ಲಿ ಎರಡೂ ಪಿಡಿಎಫ್ ಪುಕ್ಕಟೆ ಸಿಗುತ್ತವೆ. ಈ ರಜೆಯಲ್ಲಿ ಪಿಯು ಪುಸ್ತಕ ಮುಟ್ಟಬೇಡ. ನೀನು ಈಗಷ್ಟೇ ಪರೀಕ್ಷೆ ಬರೆದ ಹತ್ತನೇ ಕ್ಲಾಸಿನ ವಿಜ್ಞಾನವನ್ನು ಇಂಗ್ಲಿಷ್ ಮೀಡಿಯಂ ಪುಸ್ತಕದಲ್ಲಿ ಓದು. ಪಾಠ ನಿನಗೆ ಗೊತ್ತು. ಹೊಸದು ಅಂದರೆ ಭಾಷೆ ಮಾತ್ರ. ನಿನಗೆ ಯಾವ ಅಧ್ಯಾಯ ಇಷ್ಟ?

(‘ವಿದ್ಯುಚ್ಛಕ್ತಿ, ಸರ್.’)

ಹಾಗಾದರೆ ಅದರಿಂದಲೇ ಶುರು ಮಾಡು. ಮೊದಲ ದಿನ ಚಿತ್ರಗಳನ್ನು, ಚಿತ್ರದ ಕೆಳಗಿನ ಸಾಲುಗಳನ್ನು ಮಾತ್ರ ಓದು. ಎರಡನೇ ದಿನ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದು ಪ್ಯಾರಾ ಓದು, ಮೊದಲು ಇಂಗ್ಲಿಷ್, ಆಮೇಲೆ ಕನ್ನಡ. ‘ರೋಧ’ ಅಂತ ನೀನು ಓದಿದ್ದು ಅಲ್ಲಿ ‘ರೆಸಿಸ್ಟೆನ್ಸ್’ ಅಂತ ಇರುತ್ತದೆ. ಅಂಥದ್ದಕ್ಕೆ ಒಂದು ನೋಟ್‌ಬುಕ್ ಇಡು. ಅಧ್ಯಾಯ ಮುಗಿದ ಮೇಲೆ ಕೊನೆಯ ಪ್ರಶ್ನೆಗಳಿಗೆ ಎರಡೆರಡು ಸಾಲು ಇಂಗ್ಲಿಷಿನಲ್ಲಿ ಬರೆ. ತಪ್ಪಾದರೂ ಪರವಾಗಿಲ್ಲ, ಬರೆ.

(‘ಗಣಿತ ಸರ್?’)

ಗಣಿತಕ್ಕೆ ಅಷ್ಟು ಕಷ್ಟ ಇಲ್ಲ, ಅಂಕಿ ಎಲ್ಲ ಕಡೆ ಒಂದೇ. ಮಾತಿನಲ್ಲಿ ಕೊಟ್ಟ ಲೆಕ್ಕಗಳಿರುತ್ತವಲ್ಲ, ಅವನ್ನಷ್ಟೇ ಇಂಗ್ಲಿಷ್ ಪುಸ್ತಕದಲ್ಲಿ ಓದಿ ಬಿಡಿಸು. ಪಿಡಿಎಫ್ ಇಳಿಸಿಕೊಳ್ಳಲು ಮನೆಯಲ್ಲಿ ಆಗದಿದ್ದರೆ ಇಲ್ಲಿಯ ಗ್ರಂಥಪಾಲಕರನ್ನು ಕೇಳು, ಅಲ್ಲಿ ಕಂಪ್ಯೂಟರ್ ಹತ್ತಿರ ನಿಂತಿದ್ದಾರೆ.